ಕುಂಚೊರೊ ಕಟ್ಟಿದ ಪಾಳು

ಎಲ್ಲಕ್ಕೂ ಕಾರಣ ಒಂದು ಬಟ್ಟಲು ಸೋತೊ ಸಾರು. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬೀಳದ ಕುಂಚೊರೊ, ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಚಾಲೂ ಇಟ್ಟು ಬೀದಿ ತುದಿಯ ಗಾಡಿಗೆ ಹೋಗಿ ಕೂತ. ಅವನು ಮಾಡಿದ ತಪ್ಪು ಅಷ್ಟೇ.

ಸುರಬಾಯ ನಗರದ ನದಿದಂಡೆಯ ಆ ಕೇರಿಯಲ್ಲಿ ಕುಂಚೊರೊ ಸಿನಿಮಾದವನೆಂದೇ ಹೆಸರು. ಕ್ಯಾಮೆರಾ ಮಾತ್ರ ಇರಲಿಲ್ಲ. ತುಂಡು ತುಂಡು ಜೋಡಿಸಿ ಊರು ಕಟ್ಟುವ ವಿಡಿಯೋ ಗೇಮಿನ ಒಳಗೇ ಅವನ ಚಿತ್ರೀಕರಣ. ನದಿ ಅಗಲ ಮಾಡುತ್ತೇವೆಂದು ಸರ್ಕಾರದವರು ಮನೆಮನೆಯ ಗೋಡೆಗೆ ಕೆಂಪು ಗುರುತು ಬಳಿದು ಹೋದ ಮೇಲೆ, ಅವನು ಗೇಮಿನಲ್ಲಿ ತನ್ನದೇ ಕೇರಿಯನ್ನು ಕಟ್ಟಿದ, ಬುಲ್ಡೋಜರ್ ಬಂದು ಹೋದ ಮೇಲೆ ಹೇಗಿರುತ್ತದೋ ಹಾಗೆ. ಮುರಿದ ಗೋಡೆ, ಬೋರಲು ಬಿದ್ದ ಬಾಗಿಲು, ನಡುವೆ ಒಂದು ಬೆಕ್ಕು. ಕತೆಯಿಲ್ಲ, ಮಾತಿಲ್ಲ, ಗಾಳಿಯ ಸದ್ದು ಮಾತ್ರ. ಸಂಜೆ ಅಹವಾಲು ಕೇಳಲು ಬರುವ ಅಧಿಕಾರಿಗೆ ಅದನ್ನು ತೋರಿಸಬೇಕು. ಕಡತದಲ್ಲಿ ‘ತೆರವು’ ಎಂದು ಸಲೀಸಾಗಿ ಬರೆಯುವ ಮಾತು ಅವನ ಗಂಟಲಲ್ಲಿ ಮುಳ್ಳಾಗಿ ನಿಲ್ಲಬೇಕು. ಉಳಿದರೆ ಮನೆಗಳು ಅದರಿಂದಲೇ ಉಳಿಯಬೇಕು.

ಪಾಳಿನ ಮುಂದೆ ಸುಮ್ಮನೆ ನಿಲ್ಲುವ ಪಾತ್ರಕ್ಕೆ ನೆರೆಯವರನ್ನೇ ಕರೆದಿದ್ದ. ಎಲ್ಲರೂ ಅವನ ಮನೆಯಲ್ಲೇ ಕೂತು ತಂತಮ್ಮ ಮೊಬೈಲಿನಿಂದ ಗೇಮಿನೊಳಗೆ ಇಳಿದಿದ್ದರು. “ಅಲ್ಲಾಡ್ಬೇಡಿ, ಊಟ ಮಾಡಿ ಬಂದೆ” ಅಂದು ಹೋಗಿದ್ದ.

ತಿರುಗಿ ಬಂದರೆ ಅವನ ಮನೆ ಮದುವೆಮನೆಯಾಗಿತ್ತು. ಕರಿದ ಬಾಳೆಹಣ್ಣಿನ ತಟ್ಟೆ ಓಡಾಡುತ್ತಿತ್ತು. ಪರದೆಯ ಮೇಲೆ ಪಾಳಿನ ಸುಳಿವೇ ಇಲ್ಲ. ಸುಣ್ಣ ಬಳಿದ ಗೋಡೆ, ಹೊಸ ಹಂಚು, ಬೀದಿ ತುಂಬ ದೇಶದ ಕೆಂಪು ಬಿಳಿ ಬಾವುಟ.

“ಏನ್ ಮಾಡಿದ್ರಿ ಬು?” ಎಂದ ಕುಂಚೊರೊ, ಗಾಳಿ ಹೋದ ಟ್ಯೂಬಿನಂತೆ.

“ಕೆರ್ಜಾ ಬಕ್ತಿ,” ಎಂದಳು ಬೀದಿಗೆಲ್ಲ ‘ಬು’, ಅಂದರೆ ಅಮ್ಮ, ಆಗಿದ್ದ ಪಕ್ಕದ ಮನೆಯ ಸುಮಿಯಾತಿ. “ಭಾನುವಾರದ ಶ್ರಮದಾನ. ಬೀದಿಯೋರೆಲ್ಲ ಸೇರಿದೀವಿ, ಕಣ್ಮುಂದೆ ಅಷ್ಟು ಕಸ ಬಿದ್ದಿದೆ. ಯಾವ ಭಾನುವಾರ ನಾವು ಕೈಕಟ್ಕೊಂಡು ನಿಂತಿದ್ವಿ ಹೇಳು? ಅದೂ ಸಾಹೇಬ್ರು ಬರೋ ದಿನ.”

“ಹೋಗ್ಲಿ, ಹಳೇ ಪ್ರತಿ ಇದೆ.”

ಬೀದಿ ಮುಖಂಡ ಸರ್ವೋಕೊ ಗಂಟಲು ಸರಿಮಾಡಿಕೊಂಡ. “ಕಂಪ್ಯೂಟರ್ ಒಳಗೂ ಗುಡಿಸ್ದೆ ತಮ್ಮಾ. ನೀನು ಒಂದೇ ಹಾಳೂರನ್ನ ಎಷ್ಟು ಸಲ ಇಟ್ಕೊಂಡಿದ್ದೆ. ಜಾಗ ದಂಡ.”

“ರೆಕಾರ್ಡಿಂಗು?”

“ಆ ಕೆಂಪು ಚುಕ್ಕಿನಾ? ಸುಮ್ನೆ ಉರೀತಿತ್ತು. ಕರೆಂಟ್ ಉಳೀಲಿ ಅಂತ ಆರಿಸ್ದೆ.”

ಕುಂಚೊರೊ ಕುರ್ಚಿಗೆ ಕುಸಿಯುವಷ್ಟರಲ್ಲೇ ಅಧಿಕಾರಿ ಬಂದುಬಿಟ್ಟ. ಹೇಳಿದ ಹೊತ್ತಿಗಿಂತ ಮುಂಚೆ ಬರುವುದು ಕೆಡವುವವರು ಮಾತ್ರ. ಸುಮಿಯಾತಿ ಅವನನ್ನು ಕೈಹಿಡಿದು ಪರದೆಯ ಮುಂದೆ ಕೂರಿಸಿ, “ನೋಡಿ, ನಮ್ಮ ಕೇರಿ” ಎಂದಳು.

ಅಧಿಕಾರಿ ಬಗ್ಗಿ ಬಗ್ಗಿ ನೋಡಿದ. ಕಣ್ಣು ಅರಳಿತು. “ನಮ್ಮ ಎಂಜಿನಿಯರುಗಳ ಕೈಲಿ ಇದಾಗ್ಲಿಲ್ವಲ್ಲ. ನದಿ ಅಗಲ ಆದ್ಮೇಲೆ ಈ ದಂಡೇಲಿ ಪ್ರವಾಸಿಗರಿಗೆ ಒಂದು ಕೇರಿ ಕಟ್ಬೇಕು ಅಂತಿದೆ. ಹಿಂಗೇ ಕಟ್ಟೋಣ.”

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

“ಅದಕ್ಕೆ ಜಾಗ ಬೇಕಲ್ಲ,” ಎಂದ ಅಧಿಕಾರಿ, ಬಾಳೆಹಣ್ಣು ಮುರಿಯುತ್ತ. “ಈಗಿರೋ ಮನೆಗಳನ್ನ ಬೇಗ ತೆಗೆಯೋಣ. ನಾಳೆ ನಮ್ಮ ಮೇಲಿನೋರನ್ನ ಕರ್ಕೊಂಡು ಬಂದು ಇದನ್ನೇ ತೋರಿಸ್ತೀನಿ. ಆಮೇಲೆ ತಡ ಮಾಡಲ್ಲ.”

ಚಪ್ಪಾಳೆಯ ಕೈಗಳು ಗಾಳಿಯಲ್ಲೇ ನಿಂತವು. ಅಧಿಕಾರಿ ತಟ್ಟೆ ಖಾಲಿ ಮಾಡಿ ಹೋದ.

“ನಾಳೆವರೆಗೆ ಟೈಮಿದೆ,” ಎಂದ ಕುಂಚೊರೊ. “ಎಲ್ಲ ಕೆಡವಿ, ಮೊದಲಿನ ಹಾಗೇ ಪಾಳು ಮಾಡೋಣ. ಅದನ್ನೇ ತೋರಿಸೋಣ.”

ಎಲ್ಲರೂ ಹೂಂ ಅಂದರು. ಮೊಬೈಲುಗಳು ಮೇಲೆದ್ದವು. ಪರದೆಯಲ್ಲಿ ಒಂದು ಹಂಚೂ ಬೀಳಲಿಲ್ಲ.

“ಶುರು ಮಾಡಿ ಬು.”

“ಮಾಡ್ತೀನಪ್ಪ. ಮೊದ್ಲು ಮುಖಂಡರ ಮನೆ ಬೀಳ್ಲಿ.”

ಮುಖಂಡನಿಗೆ ಕೇಳಿಸಲಿಲ್ಲ, ಅವನು ಗೇಮಿನಲ್ಲಿ ತನ್ನ ಗೇಟಿಗೆ ಎರಡನೇ ಸಲ ಬಣ್ಣ ಹೊಡೆಯುತ್ತಿದ್ದ.

ಕುಂಚೊರೊಗೆ ಸಿಟ್ಟು ನೆತ್ತಿಗೇರಿತು. ನಾನೇ ತೋರಿಸಿಕೊಡುತ್ತೇನೆಂದು ಗೇಮಿನ ಸುತ್ತಿಗೆ ಎತ್ತಿಕೊಂಡು ತನ್ನ ಮನೆಯ ಮುಂದೆ ಹೋಗಿ ನಿಂತ. ಹೊಸ್ತಿಲ ಪಕ್ಕ ಯಾರೋ ಮಲ್ಲಿಗೆ ಕುಂಡ ಇಟ್ಟಿದ್ದರು, ತೀರಿಕೊಂಡ ಅವ್ವ ಇಡುತ್ತಿದ್ದ ಜಾಗದಲ್ಲೇ. ಬೆಕ್ಕು ಅದಕ್ಕೆ ಒರಗಿ ಮಲಗಿತ್ತು.

ಬೀದಿಯೆಲ್ಲ ಅವನ ಸುತ್ತಿಗೆಯನ್ನೇ ನೋಡುತ್ತಿತ್ತು.

“ಬು,” ಎಂದ ಕುಂಚೊರೊ ಸುತ್ತಿಗೆ ಕೆಳಗಿಟ್ಟು, “ನಾಲ್ಕು ಹಂಚು ಕೊಡಿ ಇಲ್ಲಿ. ಈ ಮೂಲೆ ಸರಿಯಾಗಿ ಮುಚ್ಚಿಲ್ಲ ನೀವು.”