ಮಳವಳ್ಳಿಯ ಬಸ್ಸು ತಪ್ಪಿಸಿದ ರೂಟರು

ಕಿಟಕಿ ಪಕ್ಕದ ಸೀಟು ಸಿಕ್ಕಿದ ಮನುಷ್ಯ ಕೆಲಸಕ್ಕೆ ಹೋಗುತ್ತಿದ್ದಾನೋ ಕನಸು ಕಾಣಲು ಹೋಗುತ್ತಿದ್ದಾನೋ ಹೇಳುವುದು ಕಷ್ಟ. ನನಗಂತೂ ಸಂಬಳ ಮೊದಲನೆಯದಕ್ಕೆ ಬರುತ್ತಿತ್ತು, ನಾನು ಹೋಗುತ್ತಿದ್ದುದು ಎರಡನೆಯದಕ್ಕೆ. ಗೊಬ್ಬರ, ಬಿತ್ತನೆ ಬೀಜ ಮಾರುವ ನಮ್ಮ ಕಂಪನಿಗೆ ಮಂಡ್ಯದಲ್ಲಿ ಆಫೀಸು, ಮದ್ದೂರು ಮಳವಳ್ಳಿಗಳಲ್ಲಿ ಅಂಗಡಿ. ಮೂರರ ನೆಟ್‌ವರ್ಕನ್ನೂ ನೋಡಿಕೊಳ್ಳುವವನು ನಾನು. ಮಳವಳ್ಳಿಯ ಬಿಲ್ಲುಗಳು ಮದ್ದೂರಿನ ಮೇಲೆಯೇ ಮಂಡ್ಯಕ್ಕೆ ಬರಬೇಕೆಂದು ಅಲ್ಲಿನ ರೂಟರೆಂಬ ಡಬ್ಬಿಗೆ ಬರೆದುಕೊಟ್ಟಿದ್ದೆ. ಮಂಡ್ಯಕ್ಕೆ ನೇರವಾದ ಇನ್ನೊಂದು ಲೈನು ಇದ್ದರೂ ರೂಟರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರಸ್ತೆ ಅಗೆಯುವವರು ಮದ್ದೂರಿನ ಹತ್ತಿರ ಕೇಬಲ್ಲು ಕತ್ತರಿಸಿದರೆ ಸಾಕು, ಮಳವಳ್ಳಿ ಅಂಗಡಿಯ ಜಯಮ್ಮನವರ ಫೋನು: "ಸಾ, ನೆಟ್ಟು ಓಯ್ತು. ಜನ ನಿಂತವ್ರೆ, ಬಿರ್‍ನೆ ಬನ್ನಿ." ಆ ಡಬ್ಬಿಗೆ ಬೇರೆ ದಾರಿ ತೋರಿಸಲು ಅಲ್ಲಿಗೇ ಹೋಗಿ ಕೂರಬೇಕಿತ್ತು.

ಆಹಾ, ಆ ಪ್ರಯಾಣ! ನಾಲೆಯ ನೀರು ಸ್ವಲ್ಪ ದೂರ ಬಸ್ಸಿನ ಜೊತೆಗೇ ಬಂದು, ಮನಸ್ಸು ಬದಲಿಸಿ ಕಬ್ಬಿನ ಗದ್ದೆಗೆ ಇಳಿಯುತ್ತಿತ್ತು. ಅರೆನಿದ್ದೆಯಲ್ಲಿ ನಾನು ಶಿಂಷಾ ದಡದಲ್ಲಿ ಮನೆ ಕಟ್ಟಿದ್ದೇನೆ, ತುಂಬಿದ ಸಭೆಯಲ್ಲಿ ಹಾಡಿದ್ದೇನೆ, ನಮ್ಮ ಮ್ಯಾನೇಜರನ್ನು ಕೆಲಸದಿಂದ ತೆಗೆದು, ಪಾಪ ಅನ್ನಿಸಿ ಮತ್ತೆ ಸೇರಿಸಿಕೊಂಡಿದ್ದೇನೆ. ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ. ಕಣ್ಣು ಮುಚ್ಚಿದರೆ ಹೆಂಡತಿ ಹುಷಾರಿಲ್ವಾ ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಒಂದು ದಿನ ಮ್ಯಾನೇಜರು, "ಅದೇನೋ ಡೈನಮಿಕ್ ರೂಟಿಂಗು ಅಂತ ಅದಂತಲ್ಲ, ಆಕ್ಬುಡಿ. ನಿಮ್ಗೂ ಬಸ್ಸಲ್ಲಿ ಅಲೆಯೋದು ತಪ್ತದೆ" ಎಂದರು. ಇಷ್ಟು ಅಕ್ಕರೆಯಿಂದ ಯಾರೂ ನನ್ನ ಸುಖಕ್ಕೆ ಕಲ್ಲು ಹಾಕಿರಲಿಲ್ಲ. ಆ ರೂಟಿಂಗು ಹಾಕಿದರೆ ದಾರಿಯನ್ನು ನಾವು ಬರೆದುಕೊಡಬೇಕಾಗಿಲ್ಲ. ಅಕ್ಕಪಕ್ಕದ ರೂಟರುಗಳು ತಾವೇ ಆಗಾಗ ನಾನಿದ್ದೀನಿ, ನೀನಿದ್ದೀಯಾ ಎಂದು ವಿಚಾರಿಸಿಕೊಳ್ಳುತ್ತವೆ. ಒಂದು ಕಡೆಯ ಉತ್ತರ ನಿಂತರೆ ಬಿಲ್ಲುಗಳನ್ನು ಇನ್ನೊಂದು ಕಡೆಯಿಂದ ಕಳಿಸುತ್ತವೆ. ಜಗಲಿಯ ಮೇಲೆ ಕೂತ ಅಜ್ಜಿಯರು ಮಾಡುವ ಕೆಲಸವೇ. ಮಳವಳ್ಳಿಯ ನೇರ ಲೈನನ್ನು ಈ ಬಳಗಕ್ಕೆ ಸೇರಿಸುವ ಒಂದು ಸಾಲು ಬರೆಯುವಾಗ ಮಾತ್ರ ಕೈ ತಡೆಯಿತು. ಬಿಟ್ಟರೆ ಯಾರಿಗೂ ಗೊತ್ತಾಗದು, ಬಸ್ಸೂ ಉಳಿಯುತ್ತದೆ. ಆದರೆ ಹಗಲುಗನಸಿನವನಿಗೂ ಕಸುಬಿನ ಮಾನ ಅಂತ ಒಂದಿರುತ್ತದಲ್ಲ. ಬರೆದುಬಿಟ್ಟೆ.

ಸ್ವಲ್ಪ ದಿನಕ್ಕೆ ಮದ್ದೂರಿನ ಕೇಬಲ್ಲು ಮತ್ತೆ ತುಂಡಾಯಿತು. ನಾನು ಬ್ಯಾಗು ಹೆಗಲಿಗೇರಿಸಿ ಫೋನಿಗೆ ಕಾದೆ. ಮಳವಳ್ಳಿಯ ಬಿಲ್ಲುಗಳು ನೇರ ಲೈನು ಹಿಡಿದು ಸಾಲಾಗಿ ಬರುತ್ತಲೇ ಇದ್ದವು. ತಡೆಯಲಾರದೆ ನಾನೇ ಜಯಮ್ಮನವರಿಗೆ ಫೋನು ಮಾಡಿ, ನೆಟ್ಟು ಹೋಯಿತೇ ಎಂದು ಆಸೆಯಿಂದ ಕೇಳಿದೆ.

"ಏ, ಇಲ್ಲ ಕಣ್ ಸಾ, ಸಂದಾಗೇ ಅದೆ. ನೀವ್ಯಾಕೆ ಈ ಕಡೆ ಬರೋದೇ ಬುಟ್ಬುಟ್ರಿ?"

ಮರುದಿನ ರಜೆ ಹಾಕಿ, ನನ್ನ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡು ಹೋದೆ. ಅಷ್ಟರಲ್ಲಿ ಕೇಬಲ್ಲೂ ಸರಿಯಾಗಿತ್ತು. ಜಯಮ್ಮ ಟೀ ತರಿಸಿ, "ಏನ್ ಕೆಟ್ಟದೆ ಸಾ?" ಎಂದರು. ನೋಡಬೇಕು ಎಂದು ಗಂಭೀರವಾಗಿ ಲ್ಯಾಪ್‌ಟಾಪು ತೆರೆದು ರೂಟರನ್ನು ವಿಚಾರಿಸಿದೆ. ಮದ್ದೂರು ಇದೆ ಎಂದಿತು. ಮಂಡ್ಯ ಇದೆ ಎಂದಿತು. ಎದುರಿಗೇ ಕೂತಿದ್ದ ನನ್ನ ವಿಷಯ ಅದಕ್ಕೆ ಬೇಕಾಗಿರಲಿಲ್ಲ.