ಕೂತರೆ ನೋವು, ನಿಂತರೆ ಪ್ರಶ್ನೆ

ಬಸುರಿಗೆ ವಾಂತಿಯಾದರೆ ಊರೆಲ್ಲ ಮಾವಿನಕಾಯಿ ಹಿಡಿದುಕೊಂಡು ಬರುತ್ತದೆ. ಮೂಲವ್ಯಾಧಿಯಾದರೆ ಮಾತ್ರ ಬಾಯಿ ಬಿಡುವ ಹಾಗಿಲ್ಲ. ಮುಚ್ಚಿಟ್ಟರೆ ಒಂದು ಪೇಚು, ಹೇಳಿದರೆ ಇನ್ನೊಂದು. ನನ್ನ ಏಳನೇ ತಿಂಗಳಿಂದ ಮಗುವಿನ ನಾಮಕರಣದ ತನಕ ಎರಡೂ ಥರದವು ಸರದಿ ಮೇಲೆ ಬಂದವು.

ರಜೆ ಕೇಳಿದ್ದು

ಅರಕಲಗೂಡಿನ ಒಂದು ಕಚೇರಿಯಲ್ಲಿ ನಾನು ಗುಮಾಸ್ತೆ. ಮರದ ಕುರ್ಚಿ. ಒಂದು ಬೆಳಿಗ್ಗೆ ಮೆಣಸಿನಕಾಯಿ ಮೇಲೆ ಕೂತಂಥ ಉರಿ, ಕಣ್ಣಲ್ಲಿ ನೀರು. ಸಾಹೇಬರ ಮುಂದೆ ನಿಂತು ಮೆಲ್ಲಗೆ ಹೇಳಿದೆ:

"ಸಾರ್, ಪೈಲ್ಸ್ ಜಾಸ್ತಿಯಾಗಿದೆ. ಕೂರೋಕಾಗ್ತಿಲ್ಲ. ರಜೆ ಬೇಕಿತ್ತು."

ಅವರು ತಲೆ ಎತ್ತಲಿಲ್ಲ. "ಫೈಲ್ಸ್ ಯಾರಿಗಮ್ಮ ಕಮ್ಮಿ ಇದೆ? ನನಗೂ ಜಾಸ್ತಿನೇ. ಪಕ್ಕದ ಟೇಬಲ್ಲಿನವರು ಸುಮ್ನೆ ಕೂತಿದಾರಲ್ಲ, ಅರ್ಧ ಅವರಿಗೆ ಕೊಟ್ಬಿಡಿ!"

ನಿಂತ ಹರಕೆ

ಕೊನೆಗೂ ರಜೆ ಸಿಕ್ಕಿ ಹಾಸನದ ಡಾಕ್ಟರಮ್ಮನ ಹತ್ತಿರ ಹೊರಟೆ. ಬಸ್ಸು ಹತ್ತಿದ್ದೇ ತಡ, ಹೊಟ್ಟೆ ನೋಡಿ ಮೂರು ಜನ ಎದ್ದು ಸೀಟು ಬಿಟ್ಟರು.

"ಬೇಡ, ನಿಂತೇ ಬರ್ತೀನಿ" ಅಂದೆ.

ಒಬ್ಬಳು ಅಜ್ಜಿ ಬಿಡಲಿಲ್ಲ. "ಯಾಕವ್ವಾ, ಅರಕೆ ಒತ್ಕಂಡಿದ್ದೀಯಾ?"

ತಪ್ಪಿಸಿಕೊಂಡರೆ ಸಾಕೆಂದು "ಹೂಂ ಅಜ್ಜಿ" ಅಂದೆ.

"ಯಾವ ದೇವ್ರಿಗೆ?"

"ಹಾಸನಾಂಬೆಗೆ."

ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ ಮಗ್ಳೇ, ಆಯಮ್ಮ ವರ್ಸಕ್ಕೊಂದ್ಸಲ ಬಾಗ್ಲು ತೆಗ್ಯಾದು! ಇನ್ನೂ ಐದು ತಿಂಗ್ಳದೆ. ಅಲ್ಲೀಗಂಟ ನಿಂತೇ ಇರ್ತೀಯಾ?"

ಅರ್ಧ ನುಂಗಿದ ಮಾತು

ಚನ್ನರಾಯಪಟ್ಟಣದ ಅತ್ತೆಗೆ ಯಜಮಾನರೇ ಫೋನ್ ಮಾಡಿದರು. ನಾಚಿಕೆಗೆ 'ವ್ಯಾಧಿ' ನುಂಗಿಬಿಟ್ಟರು. "ಅಮ್ಮ, ಅವಳಿಗೆ ಮೂಲ ಅಂತೆ."

ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಕೇಡು ಅಂತ ಬಲವಾಗಿ ನಂಬಿದವರು ಅತ್ತೆ. ಆ ಕಡೆಯ ಕೂಗು ನನಗೂ ಕೇಳಿಸಿತು: "ಜಾತಕದಲ್ಲಿ ರೋಹಿಣಿ ಅಂತಿತ್ತಲ್ಲೋ! ರೀ, ಆ ಸ್ಕೂಟರ್ ಹತ್ತಬೇಡಿ, ಒಳಗೆ ಬನ್ನಿ!"

ಟಬ್ಬಿನ ನೀರು

ಹೆರಿಗೆಯಾದ ಮೇಲೆ ನೋವು ಇನ್ನೂ ಜೋರಾಯಿತು. ಹಾಲೂಡಿಸಲು ಕೂತರೆ ಮಗುವೂ ನಾನೂ ಜೊತೆಗೇ ಅಳುತ್ತಿದ್ದೆವು. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ದಿನಾ ಹತ್ತು ನಿಮಿಷ ಕೂರಲು ಡಾಕ್ಟರಮ್ಮ ಹೇಳಿದರು. ಹೊಳೆನರಸೀಪುರದ ತವರಲ್ಲಿ ಅಮ್ಮ ಆ ನೀರಿಗೆ ಒಂದಿಷ್ಟು ಉಪ್ಪೂ ಹಾಕಿ ಬಚ್ಚಲಲ್ಲಿ ಇಡುತ್ತಿದ್ದಳು. ನಾನು ಕೂತೆದ್ದು ಬರುತ್ತಿದ್ದೆ. ನೀರು ಚೆಲ್ಲುವುದು ಅಮ್ಮನ ಕೆಲಸ, ಅವಳಿಗೆ ಬಿಡುವಾದಾಗ. ಕೆಲವೇ ವಾರದಲ್ಲಿ ನೋವು ಇಳಿಯಿತು.

ನಾಮಕರಣದ ದಿನ ಊಟಕ್ಕೆ ಕೂತ ಬೀಗರ ಮುಂದೆ ಅಪ್ಪ ಶುರುಮಾಡಿದ: "ಬಾಣಂತಿಯಾದ್ರೂ ಅಪ್ಪನ ಕಾಲ್ನೋವು ಮರ್ತಿಲ್ಲ ಕಣ್ರೀ ನನ್ ಮಗ್ಳು. ತ್ವಾಟದಿಂದ ಬರೋವೊತ್ಗೆ ದಿನಾ ಬಚ್ಲಲ್ಲಿ ಟಬ್ ತುಂಬ ಬಿಸ್ನೀರು! ಕಾಲಿಟ್ಕಂಡು ಕುಂತ್ರೆ ಸ್ವರ್ಗ!"

ಅಮ್ಮನ ಕೈಯಲ್ಲಿ ಪಾಯಸದ ಸೌಟು ಹಾಗೇ ನಿಂತಿತು. ಯಜಮಾನರು ಎಲೆಗೆ ಮುಖ ಬಗ್ಗಿಸಿದವರು ಎತ್ತಲೇ ಇಲ್ಲ.

"ಬರೀ ಕಾಲಿಗೆ ಅಲ್ವೇನಪ್ಪಾ?" ಅಂತ ಹೆದರುತ್ತಲೇ ಕೇಳಿದೆ.

"ಮೊದ್ಲು ಬಾಯಿ ಮುಕ್ಕಳಿಸ್ತಿದ್ದೆ ಕಣವ್ವಾ. ಇಲ್ದಿದ್ರೆ ನೀನು ಉಪ್ಪು ಬೇರೆ ಹಾಕಿರ್ತೀಯ ಅಂತ ನಂಗೆಂಗೆ ಗೊತ್ತಾಗ್ತಿತ್ತು?"