ಬಚ್ಚಲ ಹುಳುವಿಗೆ ಕಣ್ಣೆಷ್ಟು?

ಹೆಂಡತಿಯ ಹೊಸ ಸೀರೆ ಕಣ್ಣಿಗೆ ಬೀಳದ ಗಂಡಸರು ಬೇಕಾದಷ್ಟಿದ್ದಾರೆ. ಆದರೆ ಹುಳುವಿನ ಹೊಟ್ಟೆಗೆ ಆರೇ ಮಡಿಕೆ ಎಂದು ಆಣೆ ಮಾಡಿ ಹೇಳಬಲ್ಲ ಗಂಡಸು ನಿಜಾಮರ ಮುಲ್ಕಿನಲ್ಲೆಲ್ಲ ಒಬ್ಬರೇ. ಅವರು ನನ್ನ ಸೋದರಮಾವ!

ಮಾವನದು ಶಹಾಬಾದಿನಲ್ಲಿ ಮಾಸ್ತರಿಕೆ. ಒಂದು ದಿನ ಬಚ್ಚಲಿನ ಒದ್ದೆ ಪರ್ಸಿಕಲ್ಲಿನ ಚಪ್ಪಡಿಯ ಕೆಳಗೆ ಸಾಸಿವೆಗಿಂತ ಸಣ್ಣ ಬೂದು ಹುಳು ಸಿಕ್ಕಿತು. ಮುಟ್ಟಹೋದರೆ ಚಿಮ್ಮಿತು. ರೆಕ್ಕೆಯಿಲ್ಲದ್ದು ಚಿಮ್ಮಿದ್ದು ಹೇಗೆ? ಅಲ್ಲಿಂದ ಮಾವ ಕೆಟ್ಟರು. ಹುಳುವನ್ನು ಹಿಡಿದು ಹೈದರಾಬಾದಿನ ಒಬ್ಬ ಪ್ರೊಫೆಸರರಿಗೆ ಕಳಿಸಿದರು. "ಹುಳು ದಾರಿಯಲ್ಲೇ ಪುಡಿಯಾಗಿದೆ. ಹೊಸ ಜಾತಿಯಿದ್ದರೂ ಇರಬಹುದು. ಇನ್ನೊಂದು ಕಳಿಸಿ, ಜೊತೆಗೆ ಅಂಗಾಂಗಗಳ ವಿವರ ಬರೆಯಿರಿ. ಕಣ್ಣಿನ ಎಣಿಕೆ ತಪ್ಪಿದರೆ ಎಲ್ಲವೂ ತಪ್ಪಿದಂತೆ" ಎಂದು ಉತ್ತರ ಬಂತು.

ಶಾಲೆಯ ಖುರ್ದಬೀನು ಮನೆಗೆ ಬಂತು, ಸಣ್ಣದನ್ನು ದೊಡ್ಡದಾಗಿ ತೋರಿಸುವ ಯಂತ್ರ. ಪಕ್ಕದ ಮನೆಯ ಗೌಡಶಾನಿ ಅದನ್ನು ದುರ್ಬೀನು ಎಂದು ತಿಳಿದಳು.

"ಮಾಸ್ತರ್ರೆ, ಇದರಾಗ ನಮ್ಮ ತವರುಮನಿ ಗುಂಡಗುರ್ತಿ ಕಾಣ್ತದೇನ್ರಿ?"

"ಕಾಣ್ತದವ್ವಾ. ಗುಂಡಗುರ್ತಿ ತಂದು ಇದರ ಕೆಳಗ ಇಟ್ರ ಕಾಣ್ತದ."

ನಾನು ಚಿತ್ತಾಪುರದಿಂದ ಶುಕ್ರವಾರದ ರಜೆಗೆ ಹೋದಾಗಲೆಲ್ಲ ನನಗೂ ಪಾಠ. ತಲೆಗೆ ನಾಲ್ಕು ಗೆಣ್ಣಿನ ಎರಡು ಮೀಸೆ. ಕಾಲು ಆರು. ಹೊಟ್ಟೆಯ ಅಡಿಗೆ ನೀರು ಹೀರುವ ಕೊಳವೆ. ಅದರ ಹಿಂದೆ ಇಕ್ಕಳದಂತೆ ಕವಲೊಡೆದ ಬಾಲ. ಹುಳು ಅದನ್ನು ಹೊಟ್ಟೆಯಡಿಗೆ ಮಡಚಿ ಕೊಕ್ಕೆಗೆ ಸಿಕ್ಕಿಸಿಕೊಂಡಿರುತ್ತದೆ. ಕೊಕ್ಕೆ ಬಿಟ್ಟರೆ ಬಾಲ ನೆಲಕ್ಕೆ ಬಡಿದು ಹುಳು ಹಾರುತ್ತದೆ.

"ಹುಳದ ಹೊಟ್ಟಿ ಸಾಕ್ರಿ, ನಿಮ್ಮ ಹೊಟ್ಟಿ ನೋಡ್ಕೋರಿ. ರೊಟ್ಟಿ ಆರಾಕತ್ತಾವ" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು. ಸುಣ್ಣ ಹಾಕಿ ಬಚ್ಚಲು ತಿಕ್ಕುತ್ತೇನೆಂದು ವಾರಕ್ಕೊಮ್ಮೆ ಬೆದರಿಕೆ ಬೇರೆ.

"ಕಣ್ಣೆಷ್ಟು ಮಾವ?" ಎಂದರೆ ಮಾತ್ರ ಅವರು ಮಾತನ್ನು ಬಾಲಕ್ಕೆ ತಿರುಗಿಸುತ್ತಿದ್ದರು. ಬರೆದ ವಿವರದಲ್ಲಿ ಕಣ್ಣಿನ ಸಾಲು ಮಾತ್ರ ತಿಂಗಳುಗಟ್ಟಲೆ ಖಾಲಿ. ಪುಟಗಟ್ಟಲೆ ಬರೆದವರಿಗೆ ಒಂದು ಅಂಕಿ ಬರೆಯಲು ಏನು ಧಾಡಿ? ನಾನು ನಗುತ್ತಿದ್ದೆ.

ಒಂದು ಶುಕ್ರವಾರ ಹೇಳದೆ ಹೋದೆ. ಪಡಸಾಲೆಯಲ್ಲಿ ಖುರ್ದಬೀನಿಗೆ ಕಣ್ಣಿಟ್ಟು ಕೂತವರು ಅತ್ತೆ! ಹುಳುವಿನ ಒಂದೊಂದು ಕಣ್ಣು ಕಂಡ ಹಾಗೆ ಒಂದೊಂದು ತೊಗರಿಕಾಳನ್ನು ನೆಲದ ಮೇಲೆ ಇಡುತ್ತಿದ್ದರು. ಮಾವ ಲೇಖನಿ ಹಿಡಿದು ಸುಮ್ಮನೆ ಗೋಡೆಯ ಕಡೆ ಮುಖ ಮಾಡಿದ್ದರು.

"ಈ ಕಡಿ ಐದು. ಆ ಕಡಿನೂ ಐದು."

"ಮತ್ತೊಮ್ಮಿ ನೋಡು."

"ಎಷ್ಟು ಸಲ ನೋಡ್ಲಿ? ಐದಂದ್ರ ಐದ್ರಿ."

ಮಾವ ಕಾಳುಗಳನ್ನು ಬೆರಳಿನಿಂದ ತಡವಿ ಎಣಿಸಿದರು. ಆಗ ನನಗೆ ತಿಳಿಯಿತು. ಬಾಲ ಬರೆಯುವ ತನಕ ಹೇಗೋ ನಡೆದಿದ್ದ ಅವರ ದೃಷ್ಟಿ, ಆ ಚುಕ್ಕಿಯಂಥ ಕಣ್ಣುಗಳ ಹೊತ್ತಿಗೆ ಕೈಕೊಟ್ಟಿತ್ತು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮುಂದೆ ಹೈದರಾಬಾದಿನಿಂದ ಬಂದ ಕಾಗದವನ್ನು ನಾನೇ ಓದಿ ಹೇಳಿದೆ: "ಈ ಸಲ ಹುಳು ನೆಟ್ಟಗೆ ತಲುಪಿತು. ನಿಮ್ಮ ಎಣಿಕೆ ಸರಿ. ಜಾತಿ ಹೊಸದೇ. ನಿಮ್ಮ ದೃಷ್ಟಿ ಬಹಳ ಸೂಕ್ಷ್ಮ."

ಮಾವ ಕಾಗದ ಇಸಿದುಕೊಂಡು, ಗೋಡೆ ಹಿಡಿದು ಅಡುಗೆಮನೆಗೆ ನಡೆದರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅವರಿಗೆ ಓದು ಬಾರದು.

"ಏನ್ ಬರದಾರ್ರಿ ಅದರಾಗ?"

ಮಾವ ಕೈಚಾಚಿ, ತಡಕಾಡಿ, ಅತ್ತೆಯ ಭುಜ ಸಿಕ್ಕಿದ ಮೇಲೆ ಹೇಳಿದರು: "ನನ್ನ ಕಣ್ಣು ಭಾಳ ಚಲೋ ಅವಂತ."